ಕೊಲೆಸ್ಟ್ರಾಲ್ ಮಾತ್ರೆಗೆ ರಕ್ತದೊತ್ತಡದ ಮಾತ್ರೆ ಜೊತೆಯಾದಾಗ

ಪ್ರಶ್ನೆ: ನನಗೆ 61 ವರ್ಷ. ಕೊಲೆಸ್ಟ್ರಾಲ್ ಹತೋಟಿಗೆಂದು ನಾಲ್ಕು ವರ್ಷಗಳಿಂದ ರಾತ್ರಿ ಸಿಮ್ವಾಸ್ಟಾಟಿನ್ 40 ಮಿ.ಗ್ರಾಂ. ತೆಗೆದುಕೊಳ್ಳುತ್ತಿದ್ದೇನೆ. ಎರಡು ತಿಂಗಳ ಹಿಂದೆ ಬೇರೊಬ್ಬ ವೈದ್ಯರು ರಕ್ತದೊತ್ತಡಕ್ಕೆ ಬೆಳಗಿನ ಹೊತ್ತು ಆಮ್ಲೊಡಿಪಿನ್ 5 ಮಿ.ಗ್ರಾಂ. ಬರೆದುಕೊಟ್ಟರು. ಈಚೆಗೆ ಮೆಟ್ಟಿಲು ಹತ್ತುವಾಗ ಎರಡೂ ತೊಡೆಗಳು ಬಿಗಿದುಕೊಂಡು ನೋಯುತ್ತವೆ. ಬೇರೆ ಬೇರೆ ಹೊತ್ತಿನಲ್ಲಿ ನುಂಗಿದರೂ ಈ ಎರಡು ಮಾತ್ರೆಗಳಿಂದ ತೊಂದರೆಯಾಗಬಹುದೇ?

ಉತ್ತರ: ಆಗಬಹುದು. ಸಿಮ್ವಾಸ್ಟಾಟಿನ್ ದೇಹದಲ್ಲಿ ಕರಗಿ ಹೋಗುವುದು ಮುಖ್ಯವಾಗಿ ಯಕೃತ್ತು ಮತ್ತು ಕರುಳಿನಲ್ಲಿರುವ ಸಿವೈಪಿ3ಎ4 ಎಂಬ ಕಿಣ್ವದಿಂದ. ಆಮ್ಲೊಡಿಪಿನ್ ಈ ಕಿಣ್ವದ ಕೆಲಸವನ್ನು ಸ್ವಲ್ಪ ತಗ್ಗಿಸುವುದರಿಂದ ಸಿಮ್ವಾಸ್ಟಾಟಿನ್ ರಕ್ತದಲ್ಲಿ ಹೆಚ್ಚು ಉಳಿದು, ಸ್ನಾಯುಗಳಿಗೆ ಹಾನಿಯಾಗುವ ಸಾಧ್ಯತೆ ಏರುತ್ತದೆ. ಹೊತ್ತು ಬದಲಿಸಿದರೆ ಇದು ತಪ್ಪುವುದಿಲ್ಲ; ಆಮ್ಲೊಡಿಪಿನ್‌ನ ಅರ್ಧಭಾಗ ರಕ್ತದಿಂದ ಹೊರಹೋಗಲು 30ರಿಂದ 50 ಗಂಟೆ ಬೇಕಾಗುವುದರಿಂದ, ದಿನವೂ ಸೇವಿಸುವವರಲ್ಲಿ ಅದು ಇಲ್ಲದ ಹೊತ್ತೇ ಇರುವುದಿಲ್ಲ.

ಆಮ್ಲೊಡಿಪಿನ್ ಜೊತೆಗಿದ್ದಾಗ ಸಿಮ್ವಾಸ್ಟಾಟಿನ್ ದಿನಕ್ಕೆ 20 ಮಿ.ಗ್ರಾಂ. ಮೀರಬಾರದೆಂಬುದು ಒಪ್ಪಿತ ಮಿತಿ. ನಿಮ್ಮದು ಅದರ ಎರಡರಷ್ಟಿದೆ. ರಕ್ತದೊತ್ತಡಕ್ಕೇ ಕೊಡುವ ಬೇರೆ ಔಷಧಗಳಾದ ಡಿಲ್ಟಿಯಾಜೆಮ್ ಅಥವಾ ವೆರಪಾಮಿಲ್ ಜೊತೆಗಾದರೆ ಮಿತಿ 10 ಮಿ.ಗ್ರಾಂ.ಗೆ ಇಳಿಯುತ್ತದೆ. ಇಬ್ಬರು ವೈದ್ಯರೂ ತಮ್ಮ ತಮ್ಮ ಮಟ್ಟಿಗೆ ಸರಿಯಾದ ಔಷಧವನ್ನೇ ಬರೆದಿದ್ದಾರೆ, ಆದರೆ ಎರಡು ಚೀಟಿಗಳನ್ನು ಒಟ್ಟಿಗೆ ನೋಡಿದವರಿಲ್ಲ ಎಂಬುದೇ ನನಗೆ ಹೆಚ್ಚು ಕಳವಳ ತರುವ ಸಂಗತಿ.

ಹಾಗೆಂದು ನೋವಿಗೆ ಇದೇ ಕಾರಣವೆಂದು ಇಲ್ಲಿಂದಲೇ ತೀರ್ಮಾನಿಸಲಾಗದು. ಒಂದೆರಡು ದಿನಗಳೊಳಗೆ ವೈದ್ಯರನ್ನು ಕಾಣಿರಿ. ಕ್ರಿಯಾಟಿನ್ ಕೈನೇಸ್ ಎಂಬ ರಕ್ತಪರೀಕ್ಷೆಯಿಂದ ಸ್ನಾಯುಗಳಿಗೆ ಪೆಟ್ಟಾಗಿದೆಯೇ ಎಂಬುದು ತಿಳಿಯುತ್ತದೆ. ಆದರೆ ನೋವು ಬಲವಾಗಿ, ಕುರ್ಚಿಯಿಂದ ಏಳಲೂ ತ್ರಾಣವಿಲ್ಲದಂತಾದರೆ ಅಥವಾ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ, ಸಿಮ್ವಾಸ್ಟಾಟಿನ್ ನುಂಗದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಒಡೆದ ಸ್ನಾಯುವಿನ ಅಂಶಗಳು ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಆಮ್ಲೊಡಿಪಿನ್ ಅನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಪರಿಹಾರ ಕಷ್ಟದ್ದೇನಲ್ಲ. ವೈದ್ಯರು ಸಿಮ್ವಾಸ್ಟಾಟಿನ್ ಪ್ರಮಾಣವನ್ನು ತಗ್ಗಿಸಬಹುದು, ಇಲ್ಲವೇ ಈ ಕಿಣ್ವವನ್ನು ಹೆಚ್ಚು ಅವಲಂಬಿಸದ ರೊಸುವಾಸ್ಟಾಟಿನ್ ಅಥವಾ ಪ್ರವಾಸ್ಟಾಟಿನ್ ಕೊಡಬಹುದು. ಅಟೊರ್ವಾಸ್ಟಾಟಿನ್ ಇದೇ ಕಿಣ್ವದಿಂದ ಕರಗಿದರೂ ಆಮ್ಲೊಡಿಪಿನ್‌ನಿಂದ ಅದಕ್ಕಾಗುವ ವ್ಯತ್ಯಾಸ ಅಲ್ಪ; ಇವೆರಡನ್ನೂ ಸೇರಿಸಿದ ಒಂದೇ ಮಾತ್ರೆಯೂ ಬಳಕೆಯಲ್ಲಿದೆ. ವೈದ್ಯರಲ್ಲಿಗೆ ಹೋಗುವಾಗ ಹೆಸರನ್ನು ನೆನಪಿನಿಂದ ಹೇಳುವ ಬದಲು, ಈಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಕೈಯಲ್ಲೇ ಒಯ್ಯಿರಿ.