ಬರಲಿಲ್ಲ ಅಂತೀರಿ, ಕರೆದದ್ದು ಎಲ್ಲಿಗ್ರಿ?

ಬೆಟಗೇರಿಯ ನಿವೃತ್ತ ಮಾಸ್ತರೊಬ್ರು ಈ ಸಲ ಎರಡು ಹಾಳಿ ಪತ್ರ ಬರ್ದಾರ. ಅವರ ತಂಗಿ ಮಗ ಡೈವೋರ್ಸ್ ಕೇಳೂದರ ಜೋಡಿ, ಹುಬ್ಬಳ್ಳಿ ನವನಗರದ ಮನಿ ತನ್ನೊಬ್ಬಂದ ಅಂತ ಕೋರ್ಟಿಗೆ ಹಾಕಿದ್ದ, ಹೆಂಡ್ತಿ ಒಂದ ತಾರೀಖಿಗೂ ಬರ್ಲಿಲ್ಲ, ಎಕ್ಸ್‌ಪಾರ್ಟಿ, ಅಂದ್ರ ಅಕಿ ಇಲ್ಲದ ಕೇಸ್ ನಡದು, ಡಿಕ್ರಿ ಅಂದ್ರ ಕೋರ್ಟಿನ ತೀರ್ಪೂ ಆತು. ಈಗ ಅಕಿ ಬಂದು ಡಿಕ್ರಿ ರದ್ದು ಮಾಡ್ರಿ ಅಂತ ಅರ್ಜಿ ಕೊಟ್ಟಾಳ. "ಕರೆದಾಗ ಬರಲಾರ್ದಾಕಿಗೆ ಈಗ ಯಾವ ಪಾಲ್ರೀ?" ಅಂತ ಮಾಸ್ತರು ಕೇಳ್ಯಾರ.

ಮಾಸ್ತರ, ನಿಮ್ಮ ಅಕ್ಷರ ಭಾಳ ಚಂದ, ಅದಕ್ಕ ಎರಡ ಸಲ ಓದಿದೆ. ಮೊದಲ್ನೇ ಹಾಳ್ಯಾಗ ಅಕಿ ಎರಡು ವರ್ಷದಿಂದ ರಾಣೇಬೆನ್ನೂರು ತವರಮನ್ಯಾಗ ಅದಾಳ ಅಂತ ನೀವ ಬರ್ದೀರಿ, ಎರಡನೇ ಹಾಳ್ಯಾಗ ಸಮನ್ಸ್ ನವನಗರದ ಮನಿ ಬಾಗಿಲಿಗೆ ಅಂಟಿಸಿ ಹೋದ್ರು ಅಂತೀರಿ. ಆ ಬಾಗಿಲದ ಕೀಲಿ ಯಾರ ಕಿಸೇದಾಗಿತ್ರಿ?

ನಿಮ್ಮ ಮಾತಿನ್ಯಾಗ ಹುರುಳ ಇಲ್ಲ ಅನ್ನಂಗಿಲ್ಲ. ಸಮನ್ಸ್ ತರೋ ಬೇಲೀಫ್ ಬಂದಾಗ ಹಿತ್ತಲ ಬಾಗಿಲಿಂದ ಓಡೋ ಮಂದಿನೂ ಅದಾರ, ಅಂಥವ್ರ ಸಲುವಾಗಿ ಕೋರ್ಟು ವರ್ಷಾನುಗಟ್ಟಲೆ ಕಾಯೂದಕ್ಕ ಆಗೂದಿಲ್ಲ. ತಾರೀಖು ಗೊತ್ತಿದ್ದೂ ಸುಮ್ನ ಕುಂತಿದ್ರ, ಸಮನ್ಸ್ ಜಾರಿಯೊಳಗ ಸಣ್ಣ ತಪ್ಪದ ಅಂತ ಡಿಕ್ರಿ ರದ್ದಾಗೂದಿಲ್ಲ, ಕಾನೂನಿನ್ಯಾಗ ಸ್ಪಷ್ಟ ಅದ. ಇಷ್ಟ ನಿಮ್ಮ ಪರವಾಗಿ.

ಇನ್ನ ಅಕಿ ಕಡೆಯಿಂದ ನೋಡ್ರಿ. ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 9 ರೂಲ್ 13 ಇರೂದ ಇಂಥವ್ರಿಗೆ. ಸಮನ್ಸ್ ಸರಿಯಾಗಿ ಮುಟ್ಟಿಲ್ಲ ಅಂತ ತೋರಿಸಿದ್ರ ಅಥವಾ ಬರಲಿಕ್ಕೆ ಆಗದಂಥ ಖರೇ ಕಾರಣ ಇದ್ರ ಕೇಸ್ ಮತ್ತ ನಡೀತದ. ಗಡುವು 30 ದಿನ, ಆದ್ರ ಸಮನ್ಸ ಮುಟ್ಟದಿದ್ರ ಆ 30 ದಿನ ಡಿಕ್ರಿ ಆಗಿದ್ದು ಗೊತ್ತಾದ ದಿನದಿಂದ ಎಣಸ್ತಾರ. ಹೆಂಡ್ತಿ ತಾನಿದ್ದ ಊರಾಗ ಡೈವೋರ್ಸ್ ಕೇಸ್ ಹಾಕ್ಬಹುದು ಅಂತ 2003ರಾಗ ತಿದ್ದುಪಡಿ ಆಗೇದ, ಖರೆ ಗಂಡ ಮೊದ್ಲ ಹಾಕಿಬಿಟ್ರ ಪ್ರತಿ ತಾರೀಖಿಗೂ ಅಕಿನ ರಾಣೇಬೆನ್ನೂರಿಂದ ಬಸ್ ಹತ್ತಬೇಕು, ಕೂಸು ಕಂಕುಳಾಗ, ವಕೀಲರ ಫೀಜು ಬ್ಯಾರೆ. ಹೆಣ್ಮಕ್ಕಳಿಗೆ ಆದಾಯ ಎಷ್ಟ ಇದ್ರೂ ಕಾನೂನು ಸೇವಾ ಪ್ರಾಧಿಕಾರದಿಂದ ಪುಗಸಟ್ಟೆ ವಕೀಲರು ಸಿಗ್ತಾರ, ಇದನ್ನ ಅಕಿಗೆ ಯಾರರೆ ಹೇಳಿದ್ರೇನು?

ಸಮನ್ಸ್ ಹೆಂಗೂ ಮುಟ್ಟಿಸ್ಲಿಕ್ಕೆ ಆಗ್ಲಿಲ್ಲ ಅಂದ್ರ ಪೇಪರಿನ್ಯಾಗ ಜಾಹೀರಾತು ಕೊಟ್ರ ಮುಟ್ಟಿದಂಗ ಅಂತ ಕೋರ್ಟು ಹಿಡೀತದ. ನಾ ಹಿಂದ ಒಂದು ದಿನಪತ್ರಿಕೆಯ ಡೆಸ್ಕಿನ್ಯಾಗ ಇದ್ದಾಗ ಆ ಪುಟ ಕಣ್ಣಾರೆ ನೋಡೀನಿ, ಟೆಂಡರಿಗೂ ಮಾರ್ಕ್ಸ್ ಕಾರ್ಡ್ ಕಳೆದದ ಅನ್ನೋದಕ್ಕೂ ನಡುವ ಇರವಿಯಂಥ ಅಕ್ಷರದಾಗ ಹೆಂಡ್ತಿ ಹೆಸರು, ಗಂಡನ ಮನಿ ವಿಳಾಸ, ಅದನ್ನ ಪ್ರೂಫ್ ನೋಡಾವ್ರೂ ಇರ್ತಿರ್ಲಿಲ್ಲ. ರೊಕ್ಕ ಬಂತು, ಪುಟ ತುಂಬ್ತು. ಓದೋರು ಯಾರು ಅಂತ ನಮ್ಮ ಪತ್ರಿಕಾ ಮಂದಿ ಇವತ್ತಿಗೂ ಕೇಳ್ಕೊಳ್ಳೂದಿಲ್ಲ.

ಮತ್ತ ಎಕ್ಸ್‌ಪಾರ್ಟಿ ಅಂದ್ರ ಗೆದ್ದಂಗ ಅಂತ ತಿಳಕೊಂಡೀರಿ. ಎದುರಿನವ್ರು ಬರದಿದ್ರೂ ಕೇಸ್ ಹಾಕಿದವ ತನ್ನ ಮಾತು ಸಾಬೀತು ಮಾಡ್ಲೇಬೇಕು. ಮದುವಿ ಆದ ಮ್ಯಾಲೆ ಗಳಿಸಿದ್ದು ಅರ್ಧ-ಅರ್ಧ ಅನ್ನೋ ಕಾನೂನು ನಮ್ಮ ಕಡೆ ಇಲ್ಲ, ಖರೀದಿ ಪತ್ರದಾಗ ಹೆಸರಿದ್ದಾವ್ರದ ಮಾತು ಮೊದ್ಲು ನಡೀತದ. ಅಲ್ಲೇ ಗೋವಾದಾಗ ನೋಡ್ರಿ, ಪೋರ್ಚುಗೀಸರ 1867ರ ಸಿವಿಲ್ ಕೋಡಿನ ಲೆಕ್ಕದಾಗ, ಬ್ಯಾರೆ ಕರಾರು ಬರೀದಿದ್ರ ಗಂಡ-ಹೆಂಡ್ತಿ ಇಬ್ಬರಿಗೂ ಸಮಪಾಲು. ನಮ್ಮ ಮಂದಿ ಗೋವಾಕ್ಕ ಹೋಗಿ ಏನೇನೋ ತರ್ತಾರ, ಇದೊಂದು ತರೂದಿಲ್ಲ. ಹಿಂಗಾಗಿ ಇಲ್ಲಿ ಹೆಂಡ್ತಿ ಪಾಲು ಕೇಳಬೇಕಂದ್ರ ಮನಿಗೆ ತನ್ನ ರೊಕ್ಕ ಎಷ್ಟ ಹಾಕೀನಿ ಅಂತ ತೋರಿಸಬೇಕು, ಯಾವ ಹೆಣ್ಮಗಳು ಕೈಯಾಗಿನ ಬಂಗಾರದ ಪಾಟಲಿ ಬಿಚ್ಚಿ ಕೊಡುವಾಗ ರಸೀದಿ ಕೇಳ್ತಾಳ?

ಮಾಸ್ತರ, ಪಾಟಲಿ ಅಂದ್ನೆಲ್ಲ, ನಿಮ್ಮ ಪತ್ರದ ಕಡೀ ಸಾಲಿಗೆ ಬರ್ತೀನಿ. "ಪ್ಲಾಟ್ ತೊಗೊಳ್ಳುವಾಗ ಅಕಿ ಬಂಗಾರ ಸೊಸೈಟಿಯೊಳಗ ಅಡವು ಇಟ್ಟಿದ್ದು ಖರೆ, ಆದ್ರ ಅದು ಹಳೇ ಮಾತು" ಅಂದೀರಿ. ತವರಿನವ್ರು ಹಾಕಿದ ಬಂಗಾರ ಹೆಂಡ್ತಿಯ ಸ್ವಂತದ್ದು ಅಂತ ಸುಪ್ರೀಂ ಕೋರ್ಟ್ 1985ರಾಗ ಹೇಳೇದ, ಅದೂ ಹಳೇ ಮಾತ. ನಿಮ್ಮ ತಂಗಿ ಮಗನ ಕಪಾಟಿನ್ಯಾಗ ಆ ಸೊಸೈಟಿ ಚೀಟಿ ಇದ್ರ ಹರಿದು ಒಗೀಬ್ಯಾಡ ಅಂತ ಇವತ್ತ ಫೋನ್ ಮಾಡಿ ಹೇಳ್ರಿ, ಕೇಸ್ ಮತ್ತ ಶುರು ಆದ್ರ ಅಕಿ ವಕೀಲರು ಮೊದ್ಲ ಕೇಳೋದು ಅದನ್ನ.

— ಸಂಪಾದಕ