ತೋಡಿಗೆ ಇಳಿದ ಬೂಟು

ಪ್ರಶ್ನೆ: ಮಗ ಬೆಂಗಳೂರಿನಿಂದ ತಂದುಕೊಟ್ಟ ಚರ್ಮದ ಬೂಟು. ಮೊನ್ನೆ ತೋಟಕ್ಕೆ ಹೋಗುವಾಗ ಅಡಿಕೆ ಮರದ ಸಂಕದಲ್ಲಿ ಜಾರಿ ಮೊಣಕಾಲಿನವರೆಗೆ ತೋಡಿಗೆ ಇಳಿದೆ. ಬೂಟಿನೊಳಗೆಲ್ಲ ನೀರು, ಕೆಸರು. ನಾಲ್ಕು ದಿನದಿಂದ ಬಿಸಿಲೇ ಇಲ್ಲ. ಬಚ್ಚಲ ಒಲೆಯ ಹತ್ತಿರ ಇಡುತ್ತೇನೆ ಅಂದರೆ ಮಗ ಫೋನಿನಲ್ಲೇ ಬೇಡ ಅನ್ನುತ್ತಾನೆ. ಹೇರ್ ಡ್ರೈಯರ್ ಹಿಡಿಯಬಹುದಾ?
– ಓದುಗರು, ಪೆರ್ಲ

ಉತ್ತರ: ಮಗ ಹೇಳಿದ್ದು ಸರಿ. ಒಲೆಯೂ ಬೇಡ, ಡ್ರೈಯರೂ ಬೇಡ.

ನಾನು ಅರಣ್ಯ ಇಲಾಖೆಯಲ್ಲಿ ಇದ್ದವನು. ಕಾಸರಗೋಡಿನ ಮುಳ್ಳೇರಿಯ, ಆದೂರು, ಕಾರಡ್ಕ ಕಡೆಯ ಕಾಡಿನಲ್ಲಿ ತಿರುಗಿದವನು. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನನ್ನ ಬೂಟು ಪೂರ್ತಿ ಒಣಗಿದ ದಿನ ಕಡಿಮೆ. ಕೆಲಸಕ್ಕೆ ಸೇರಿದ ಮೊದಲ ವರ್ಷದ ಆಟಿ ತಿಂಗಳ ಮಳೆಯಲ್ಲಿ, ಮರುದಿನ ಬೇಕಲ್ಲ ಅಂತ, ಒದ್ದೆ ಬೂಟನ್ನು ಹಂಡೆ ಒಲೆಯ ದಂಡೆ ಮೇಲಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಮೂತಿ ಮೇಲಕ್ಕೆ ಸುರುಟಿತ್ತು. ಬೆರಳು ಮಡಚುವಲ್ಲಿ ಅಡ್ಡಕ್ಕೆ ಸೀಳು ಬಿಟ್ಟಿತ್ತು. ಹಿಮ್ಮಡಿ ಒಳಗೆ ಹೋಗಲೇ ಇಲ್ಲ. ಅದು ಮೊದಲ ಸಂಬಳದಲ್ಲಿ ತೆಗೆದುಕೊಂಡ ಜೋಡಿ. ಇವತ್ತಿಗೂ ನೆನಪಾದರೆ ಬೇಜಾರಾಗುತ್ತದೆ.

ಯಾಕೆ ಹಾಗಾಗುತ್ತದೆ? ತೊಗಲು ಅಂದರೆ ಒಂದಕ್ಕೊಂದು ಹೆಣೆದುಕೊಂಡ ಸಣ್ಣ ನಾರುಗಳು. ಅವು ಒಂದರ ಮೇಲೊಂದು ಜಾರಲಿ ಅಂತ ಹದ ಮಾಡುವಾಗಲೇ ಎಣ್ಣೆ ಕುಡಿಸಿರುತ್ತಾರೆ. ನೀರು ಗಡಿಬಿಡಿಯಲ್ಲಿ ಹೊರಗೆ ಹೋದರೆ ಎಣ್ಣೆಯೂ ಜಾಗ ಬಿಡುತ್ತದೆ. ನಾರು ನಾರಿಗೆ ಅಂಟಿ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದು. ಆವರಿಕೆಯಂಥ ತೊಗಟೆಯಲ್ಲಿ ಹದ ಮಾಡಿದ ತೊಗಲು ಒದ್ದೆಯಿರುವಾಗ 70-80 ಡಿಗ್ರಿ ಬಿಸಿ ತಾಗಿದರೆ ಸಾಕು, ಕುಗ್ಗಲು ಶುರುವಾಗುತ್ತದೆ. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಕ್ರೋಮ್ ತೊಗಲು 100ರ ಹತ್ತಿರದವರೆಗೆ ತಡೆಯುತ್ತದೆ, ಆದರೆ ಅಟ್ಟೆಯ ಗೋಂದು ಅಷ್ಟು ತಡೆಯುವುದಿಲ್ಲ. ಒಮ್ಮೆ ಕುಗ್ಗಿದ್ದನ್ನು ಯಾವ ಎಣ್ಣೆಯೂ ಹಿಗ್ಗಿಸುವುದಿಲ್ಲ.

ಈಗ ಕೆಲಸಕ್ಕೆ ಬನ್ನಿ. ಮೊದಲು ಕೆಸರು ತೊಳೆಯಿರಿ. ಒದ್ದೆ ಬೂಟಿಗೆ ಮತ್ತೆ ನೀರಾ ಅಂತ ಅನಿಸಬಹುದು. ಆದರೆ ನಮ್ಮ ಕೆಂಪು ಮಣ್ಣು ಹೊಲಿಗೆಯಲ್ಲಿ ಕೂತು ಒಣಗಿದರೆ ತೊಗಲಿನ ಎಣ್ಣೆ ಹೀರುತ್ತದೆ, ದಾರವನ್ನೂ ತಿನ್ನುತ್ತದೆ. ಹಳೇ ಬನಿಯನ್ ಬಟ್ಟೆಯಿಂದ ತಣ್ಣೀರಿನಲ್ಲಿ ಒರೆಸಿ. ತೋಟದಲ್ಲಿ ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ಮದ್ದು) ಹೊಡೆದಿದ್ದರೆ ಇನ್ನೂ ಜಾಸ್ತಿ ಜಾಗ್ರತೆ. ಅದರ ಸುಣ್ಣ ಚರ್ಮಕ್ಕೆ ಆಗುವುದಿಲ್ಲ. ಆಮೇಲೆ ಲೇಸ್ ಬಿಚ್ಚಿ, ಒಳಗಿನ ಸೋಲ್ ಎಳೆದು ತೆಗೆಯಿರಿ, ನಾಲಗೆಯನ್ನು ಪೂರ್ತಿ ಮುಂದಕ್ಕೆ ಮಗುಚಿ.

ಹಳೇ ಪೇಪರನ್ನು ಸಡಿಲವಾಗಿ ಉಂಡೆ ಮಾಡಿ ತುಂಬಿ. ಮೂತಿಯ ತುದಿವರೆಗೆ ಹೋಗಬೇಕು, ಆದರೆ ಒತ್ತಿ ತುರುಕಬಾರದು. ಒತ್ತಿದರೆ ಒದ್ದೆ ತೊಗಲು ಆ ಆಕಾರಕ್ಕೇ ಉಬ್ಬಿ ನಿಲ್ಲುತ್ತದೆ. ಒಳಗಿನ ಬಟ್ಟೆ ಬಿಳಿಯಾಗಿದ್ದರೆ ಪೇಪರಿನ ಶಾಯಿ ಹತ್ತಬಹುದು, ಆಗ ಖಾಲಿ ಕಾಗದ ಹಾಕಿ. ತುಂಬಿಸಿ ಮರೆತುಬಿಡುವುದೇ ಹೆಚ್ಚಿನವರು ಮಾಡುವ ತಪ್ಪು. ಮೊದಲ ದಿನ ಗಂಟೆ, ಎರಡು ಗಂಟೆಗೊಮ್ಮೆ ಬದಲಿಸಿ. ಮೊದಲ ಉಂಡೆಯನ್ನು ಹಿಂಡಿದರೆ ನೀರೇ ಇಳಿಯುತ್ತದೆ. ನಾಲ್ಕನೆಯದು ಬರೀ ತಣ್ಣಗೆ, ಮೆತ್ತಗೆ ಇರುತ್ತದೆ.

ಎಲ್ಲಿ ಇಡುವುದು? ಜಗಲಿಯಲ್ಲಿ, ಎರಚಲು ತಾಗದ ಕಡೆ. ನೆಲದ ಮೇಲೆ ಬೇಡ. ನಾನು ಎರಡು ಅಡಿಕೆ ಸಲಾಕೆ ಹಾಸಿ ಅದರ ಮೇಲೆ ಬೂಟನ್ನು ಅಡ್ಡ ಮಲಗಿಸುತ್ತೇನೆ. ಆಗ ಅಟ್ಟೆಗೂ ಗಾಳಿ ಸಿಗುತ್ತದೆ. ಕರೆಂಟಿದ್ದರೆ ಫ್ಯಾನನ್ನು ಮೆಲ್ಲಗೆ ಬಿಡಿ. ಎಡೆಯಲ್ಲಿ ಬಿಸಿಲು ಬಿದ್ದರೂ ಅಂಗಳಕ್ಕೆ ಓಡಬೇಡಿ, ನೆರಳೇ ಒಳ್ಳೆಯದು. ಬೇಸಿಗೆಯಲ್ಲಿ ಒಂದೆರಡು ದಿನದಲ್ಲಿ ಆಗುವ ಕೆಲಸಕ್ಕೆ ಈಗ ಮೂರು ನಾಲ್ಕು ದಿನ ಬೇಕು. ಒಣಗಿತಾ ಅಂತ ತಿಳಿಯಲು ಕೈಯನ್ನು ಮೂತಿಯೊಳಗೆ ಹಾಕಿ, ಬೆರಳ ಹಿಂಬದಿಯಿಂದ ಮುಟ್ಟಿ. ತಣ್ಣಗೆ ತಾಗಿದರೆ ನೀರು ಇನ್ನೂ ಇದೆ ಅಂತ ಅರ್ಥ. ಹೊರಗಿನಿಂದ ನೋಡಿದರೆ ಇದು ಗೊತ್ತಾಗುವುದಿಲ್ಲ.

ಹೊರಮೈ ಒಣಗಿ, ಒಳಗೆ ಸ್ವಲ್ಪವೇ ಪಸೆ ಇರುವಾಗ ಲೆದರ್ ಕ್ರೀಮ್ ಅಥವಾ ಡಬ್ಬಿನ್ (ಚರ್ಮಕ್ಕೆ ಹಚ್ಚುವ ಮೇಣ, ಎಣ್ಣೆಯ ಮುಲಾಮು) ತೆಳುವಾಗಿ ಹಚ್ಚಿ. ಬೆರಳಿನಿಂದಲೇ ತಿಕ್ಕಿ, ಮಡಿಕೆ ಇರುವಲ್ಲಿ ಎರಡು ಸಲ. ತೆಂಗಿನೆಣ್ಣೆ ಮಾತ್ರ ಸುರಿಯಬೇಡಿ. ಮನೆಯಲ್ಲಿ ಇರುವುದೇ ಅದು, ಗೊತ್ತು. ಆದರೆ ಜಾಸ್ತಿಯಾದರೆ ಬಣ್ಣ ಕಪ್ಪಾಗುತ್ತದೆ, ತೊಗಲು ಪಿಸಪಿಸ ಆಗುತ್ತದೆ. ಪಾಲಿಶ್ ಪೂರ್ತಿ ಒಣಗಿದ ಮೇಲೆ.

ಪ್ರಶ್ನೆ: ಬೂಟು ಒಣಗಿತು ಅಂತ ಕಪಾಟಿನಲ್ಲಿಟ್ಟೆ. ಹತ್ತು ದಿನದಲ್ಲಿ ಬಿಳಿ ಬೂಷ್ಟು. ಬಿಸಾಡಬೇಕಾ?
– ಓದುಗರು, ಬದಿಯಡ್ಕ

ಉತ್ತರ: ಬಿಸಾಡಬೇಡಿ. ಮನೆಯ ಹೊರಗೆ ಕೂತು, ಮೂಗಿಗೆ ಬಟ್ಟೆ ಕಟ್ಟಿ ಒರೆಸಿ. ಮೆಡಿಕಲ್‌ನಲ್ಲಿ ಸಿಗುವ ಸ್ಪಿರಿಟ್‌ಗೆ ಅಷ್ಟೇ ನೀರು ಸೇರಿಸಿ, ಬಟ್ಟೆ ಅದ್ದಿ, ಹಿಂಡಿ ಒರೆಸಿ. ಮೊದಲು ಕಾಣದ ಮೂಲೆಯಲ್ಲಿ ಬಣ್ಣ ಬಿಡುತ್ತದಾ ನೋಡಿ. ಮತ್ತೆ ನೆರಳಲ್ಲಿ ಒಣಗಿಸಿ, ಕ್ರೀಮ್ ಹಚ್ಚಿ. ಮಳೆಗಾಲ ಮುಗಿಯುವ ತನಕ ಮುಚ್ಚಿದ ಕಪಾಟು, ಪ್ಲಾಸ್ಟಿಕ್ ಚೀಲ ಎರಡೂ ಬೇಡ.

ಪ್ರಶ್ನೆ: ಬೇಕಲದಲ್ಲಿ ಸಮುದ್ರದ ನೀರು ತಾಗಿ ಶೂ ಮೇಲೆ ಬಿಳಿ ಗೆರೆ ಬಂದಿದೆ. ಪಾಲಿಶ್ ಹಾಕಿದರೂ ಮತ್ತೆ ಏಳುತ್ತದೆ.
– ಓದುಗರು, ಕುಂಬಳೆ

ಉತ್ತರ: ಅದು ಉಪ್ಪು. ಮೊದಲು ಅದನ್ನು ತೆಗೆಯದೆ ಪಾಲಿಶ್ ಹಾಕಿ ಉಪಯೋಗವಿಲ್ಲ. ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ನೀರು ಸೇರಿಸಿ ಗೆರೆಯ ಮೇಲೆ ಒರೆಸಿ, ಆಮೇಲೆ ಸಾದಾ ನೀರಿನ ಬಟ್ಟೆ. ಒಣಗಿದ ಮೇಲೆ ಮತ್ತೆ ಗೆರೆ ಕಂಡರೆ ಇನ್ನೊಮ್ಮೆ ಹಾಗೇ ಮಾಡಿ. ಕ್ರೀಮ್ ಕೊನೆಗೆ.