ಜರ್ಮನಿಯಲ್ಲಿ ಇದ್ದುಬಿಟ್ಟರೆ ಜರ್ಮನ್ ತಾನಾಗಿ ಬರುತ್ತದೆಯೇ?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಲ್ಲಿ ಜರ್ಮನ್ ಕಲಿಕೆಯ ಮೊದಲ ಹಂತ ಎ1 ಮುಗಿಸಿದ್ದೀರಿ, ಸ್ಟುಟ್‌ಗಾರ್ಟ್‌ನಲ್ಲಿ ಬ್ಲೂ ಕಾರ್ಡ್ (ಹೆಚ್ಚು ಓದಿದ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ) ಮೇಲೆ ಕೆಲಸ ಸಿಕ್ಕಿದೆ, ಆಫೀಸಿನಲ್ಲಿ ಪೂರ್ತಿ ಇಂಗ್ಲಿಷ್. ಕ್ಲಾಸಿಗೆ ಹೋಗದೆ, ಅಲ್ಲಿದ್ದುಕೊಂಡೇ ಭಾಷೆ ಕಲಿಯಬಹುದಾ?

ಬರೀ ಇದ್ದರೆ ಬರುವುದಿಲ್ಲ. ಆಫೀಸು, ಫ್ಲಾಟು, ನಮ್ಮವರ ವಾಟ್ಸಾಪ್ ಗ್ರೂಪು, ಈ ಮೂರರಲ್ಲೂ ಜರ್ಮನ್ ಇಲ್ಲದೆ ವರ್ಷಗಟ್ಟಲೆ ಬದುಕಬಹುದು. ಮಾತಾಡದೆ ಕೆಲಸ ಆಗದಂಥ ಜಾಗಗಳನ್ನು ನೀವೇ ಹುಡುಕಿ, ಅಲ್ಲಿಗೆ ಮತ್ತೆ ಮತ್ತೆ ಹೋಗಬೇಕು.

ಮೊದಲನೆಯದು ಬೇಕರಿ. ಸೂಪರ್ ಮಾರ್ಕೆಟ್ಟಿನಲ್ಲಿ ಬಾಯಿ ಬಿಡದೆ ಸಾಮಾನು ತರಬಹುದು, ಬೇಕರಿಯಲ್ಲಿ ಆಗದು. 'ಇಷ್ ಹೆಟ್ಟೆ ಗೆರ್ನ್ ತ್ಸ್ವೈ ಬ್ರೆತ್ಸೆಲ್ನ್' (ಬ್ರೆತ್ಸೆಲ್ ಎಂದರೆ ಗಂಟು ಹಾಕಿದಂತಿರುವ ಬ್ರೆಡ್ಡು, ಅಂಥವು ಎರಡು) ಅನ್ನಿ. ನಾವು ಅಂಗಡಿಯಲ್ಲಿ 'ಎರಡು ಬ್ರೆಡ್ ಬೇಕಿತ್ತು' ಅನ್ನುತ್ತೇವಲ್ಲ, ಅದೇ ಮರ್ಯಾದೆಯ ಧಾಟಿ. ಅವರು 'ಸೋನ್ಸ್ಟ್ ನೋಖ್ ವಾಸ್?' ಎಂದರೆ 'ಇನ್ನೇನಾದರೂ?', ಅದಕ್ಕೆ ನಿಮ್ಮ ಉತ್ತರ 'ದಾಸ್ ವಾರ್ಸ್', ಅಂದರೆ 'ಅಷ್ಟೇ'. ಎಡವುವುದು ದುಡ್ಡಿನ ಹೊತ್ತಿಗೆ. 47 ಎನ್ನಲು ಅವರು 'ಏಳು-ಮತ್ತು-ನಲವತ್ತು' ಅನ್ನುತ್ತಾರೆ: 'ಜೀಬೆನ್-ಉಂಟ್-ಫಿಯರ್ತ್ಸಿಶ್'. ಸಂಸ್ಕೃತದ 'ಪಂಚವಿಂಶತಿ' ನೆನಪಿಸಿಕೊಳ್ಳಿ, ಬಿಡಿ ಅಂಕೆಯೇ ಮೊದಲು. ಕಾರ್ಡ್ ಯಂತ್ರದ ಪರದೆ ನೋಡುವ ಮೊದಲೇ ಮೊತ್ತ ಕಿವಿಗೆ ಸಿಕ್ಕಿತೇ ಎಂದು ದಿನಾ ಪರೀಕ್ಷಿಸಿಕೊಳ್ಳಿ.

ನೀವು ಎರಡು ಸೆಕೆಂಡ್ ತಡವರಿಸಿದರೆ ಎದುರಿನವರು ಇಂಗ್ಲಿಷಿಗೆ ಹೊರಳುತ್ತಾರೆ. ಸಹಾಯ ಮಾಡೋಣ ಎಂದು ಹಾಗೆ ಮಾಡುತ್ತಾರೆ, ಬೇಸರ ಬೇಡ. ತಡವರಿಸುವಾಗ ಸುಮ್ಮನೆ ನಿಲ್ಲದೆ 'ಮೊಮೆಂಟ್' ಅಥವಾ 'ಆಲ್ಸೋ...' (ಅಂದರೆ... ಎಂಬಂತೆ) ಎಂದು ಎಳೆಯಿರಿ. ಆದರೂ ಹೊರಳಿದರೆ 'ಕ್ಯೊನೆನ್ ವಿಯರ್ ಬಿಟ್ಟೆ ಡೊಯ್ಚ್ ಶ್ಪ್ರೆಶೆನ್? ಇಷ್ ಲೆರ್ನೆ ನೋಖ್' ಎನ್ನಿ: ದಯವಿಟ್ಟು ಜರ್ಮನ್‌ನಲ್ಲೇ ಮಾತಾಡೋಣವೇ, ಇನ್ನೂ ಕಲಿಯುತ್ತಿದ್ದೇನೆ.

ನಾನು ಒತ್ತಿ ಹೇಳುವ ಮಾತು ಇದು: ಮನಸ್ಸಿನಲ್ಲಿ ವಾಕ್ಯ ಕಟ್ಟುವಾಗ ಇಂಗ್ಲಿಷಿನಿಂದ ಹೊರಡಬೇಡಿ, ಕನ್ನಡದಿಂದ ಹೊರಡಿ. ಇಂಗ್ಲಿಷಿನ ದಾರಿಯಲ್ಲಿ ಹೋದವರು 'ಇಷ್ ಬಿನ್ ಕಾಲ್ಟ್' ಎನ್ನುತ್ತಾರೆ. ಅದರ ಅರ್ಥ 'ನಾನು ಕರುಣೆಯಿಲ್ಲದವನು' ಎಂದಾಗುತ್ತದೆ. ಸರಿಯಾದದ್ದು 'ಮಿಯರ್ ಇಸ್ಟ್ ಕಾಲ್ಟ್', ಅಂದರೆ 'ನನಗೆ ಚಳಿ'. 'ನನಗೆ ಹಿಡಿಸಿತು' ಎನ್ನುವುದಕ್ಕೂ ಇದೇ 'ಮಿಯರ್'. ನಮ್ಮ ಚತುರ್ಥಿ ವಿಭಕ್ತಿ ಇಲ್ಲಿ ಕೈಹಿಡಿಯುತ್ತದೆ. 'ಡು' ಮತ್ತು 'ಜೀ' ನಮ್ಮ ನೀನು, ನೀವು. 'ವೈಲ್' (ಏಕೆಂದರೆ) ಬಂದ ಮೇಲೆ ಕ್ರಿಯಾಪದ ಕೊನೆಗೆ ಹೋಗುವುದೂ ನಮಗೆ ಹೊಸದಲ್ಲ. ನಮ್ಮವರು ತಪ್ಪುವುದು ಸಾದಾ ವಾಕ್ಯದಲ್ಲಿ. ಅಲ್ಲಿ ಕ್ರಿಯಾಪದಕ್ಕೆ ಎರಡನೇ ಜಾಗವೇ ಖಾಯಂ: 'ಮೊರ್ಗೆನ್ ಗೇಹೆ ಇಷ್' (ನಾಳೆ ನಾನು ಹೋಗುತ್ತೇನೆ), 'ಮೊರ್ಗೆನ್ ಇಷ್ ಗೇಹೆ' ಅಲ್ಲ.

ಉಚ್ಚಾರಕ್ಕೂ ಕನ್ನಡ ಲಿಪಿಯೇ ಒಳ್ಳೆಯದು. 'ಶ್ಟಟ್' ಎಂದರೆ ಪಟ್ಟಣ, 'ಶ್ಟಾಟ್' ಎಂದರೆ ರಾಷ್ಟ್ರ; ಹ್ರಸ್ವ-ದೀರ್ಘ ನಮಗೆ ಹೇಳಿಕೊಡಬೇಕಾಗಿಲ್ಲ. ಟ, ಡ ಹೇಳುವಾಗ ಮಾತ್ರ ನಾಲಿಗೆ ಮಡಚದೆ ಮೇಲ್ವಸಡಿಗೆ ತಾಗಿಸಿ.

ಸ್ಟುಟ್‌ಗಾರ್ಟ್‌ನಲ್ಲಿ ಇನ್ನೊಂದು ತೊಡಕು ಶ್ವೇಬಿಶ್, ಅಲ್ಲಿನ ಆಡುಮಾತು. 'ಇಸ್ಟ್' ಅಲ್ಲಿ 'ಇಶ್' ಆಗುತ್ತದೆ, 'ನಿಷ್ಟ್' (ಅಲ್ಲ, ಇಲ್ಲ) ಹೋಗಿ 'ನೆಟ್' ಬರುತ್ತದೆ, ಬನ್ನಿಗೆ 'ವೆಕ್ಲೆ'. 'ಫಿಯರ್ಟೆಲ್ ದ್ರೈ' ಎಂದರೆ ಎರಡೂ ಕಾಲು, 'ಹಾಲ್ಪ್ ದ್ರೈ' ಎರಡೂವರೆ, 'ದ್ರೈಫಿಯರ್ಟೆಲ್ ದ್ರೈ' ಎರಡೂ ಮುಕ್ಕಾಲು. ಇದು ತಿಳಿಯದೆ ಒಂದು ಗಂಟೆ ತಡವಾಗಿ ಹೋಗುವವರುಂಟು. ಒಂದು ಮಾತು ಮಾತ್ರ ನಮಗೆ ಮನೆಯದೇ ಅನ್ನಿಸುತ್ತದೆ: ಶ್ವೇಬಿಶ್‌ನಲ್ಲಿ 'ಫೂಸ್' ಎಂದರೆ ಪಾದ ಮಾತ್ರವಲ್ಲ ಇಡೀ ಕಾಲು, ಥೇಟ್ ಕನ್ನಡದ 'ಕಾಲು'. ಈ ಆಡುಮಾತು ಅರ್ಥವಾದರೆ ಸಾಕು. ನೀವು ಆಡುವುದು ಪುಸ್ತಕದ ಜರ್ಮನ್ ಇರಲಿ.

ಕ್ಲಾಸು ಬಿಡಬೇಡಿ. ವಲಸಿಗರಿಗೆ ಸರ್ಕಾರ ನಡೆಸುವ ಭಾಷಾ ಕೋರ್ಸಾದ ಇಂಟೆಗ್ರಾತ್ಸಿಯೋನ್ಸ್‌ಕುರ್ಸ್‌ನಲ್ಲಿ ಸೊನ್ನೆಯಿಂದ ಮೂರನೇ ಹಂತವಾದ ಬಿ1ಕ್ಕೆ 45 ನಿಮಿಷದ 600 ಪಾಠಗಳಿವೆ. ಎ1 ಕಳೆದರೂ ನಿಮಗೆ ಸುಮಾರು 400 ಉಳಿಯುತ್ತವೆ. ಫೋಕ್ಸ್‌ಹೋಖ್‌ಶೂಲೆಯ (ಊರಿನ ವಯಸ್ಕರ ಶಿಕ್ಷಣ ಕೇಂದ್ರ) ಸಂಜೆ ಕ್ಲಾಸಿನಲ್ಲಿ ವಾರಕ್ಕೆ ನಾಲ್ಕು ಪಾಠವೆಂದರೆ ನೂರು ವಾರ, ಅಂದರೆ ಸುಮಾರು 23 ತಿಂಗಳು ಬೇಕು. ಬ್ಲೂ ಕಾರ್ಡ್‌ನವರಿಗೆ ಬಿ1 ಇದ್ದರೆ ಕಾಯಂ ವಾಸದ ಪರವಾನಗಿ 21 ತಿಂಗಳಿಗೆ, ಎ1 ಮಾತ್ರ ಇದ್ದರೆ 27 ತಿಂಗಳಿಗೆ. ಕ್ಲಾಸೊಂದನ್ನೇ ನಂಬಿದರೆ 21 ತಿಂಗಳು ತಪ್ಪಿಹೋಗುತ್ತದೆ. ಆ ಕೊರತೆ ತುಂಬಲು ದಿನಾ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯ ನಿಧಾನಗತಿಯ ವಾರ್ತೆ ಕೇಳಿ: ಮೊದಲು ಬರೀ ಕಿವಿಯಲ್ಲಿ, ಆಮೇಲೆ ಪಠ್ಯ ನೋಡುತ್ತಾ, ಕೊನೆಗೆ ಜೊತೆಗೇ ಗಟ್ಟಿಯಾಗಿ ಓದುತ್ತಾ. ವಾರಕ್ಕೊಂದು ಸಂಜೆ ಯಾವುದಾದರೂ ಫೆರ್‌ಐನ್ ಸೇರಿ, ಅಂದರೆ ಸ್ಥಳೀಯ ಸಂಘ. ಬ್ಯಾಡ್ಮಿಂಟನ್ ಆದರೂ ಸರಿ, ಹಾಡುವ ತಂಡವಾದರೂ ಸರಿ.

ಎಲ್ಲಕ್ಕಿಂತ ಕಷ್ಟ ಫೋನು. ಮುಖ ಕಾಣುವುದಿಲ್ಲ, ಕೈಸನ್ನೆ ನಡೆಯುವುದಿಲ್ಲ. ಡಾಕ್ಟರ ಅಪಾಯಿಂಟ್‌ಮೆಂಟಿಗೆ ಕರೆ ಮಾಡುವ ಮುನ್ನ ಹೆಸರಿನ ಸ್ಪೆಲ್ಲಿಂಗ್, ಹುಟ್ಟಿದ ತಾರೀಖು, ವಿಮೆ ಕಂಪನಿಯ ಹೆಸರು, ಏನು ತೊಂದರೆ ಎಂಬ ಒಂದು ವಾಕ್ಯ, ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅವರು ನಂಬರನ್ನು ಜೋಡಿಜೋಡಿಯಾಗಿ ಹೇಳತೊಡಗಿದರೆ 'ಬಿಟ್ಟೆ ಐನ್ತ್ಸೆಲ್ನ್' ಎನ್ನಿ, ಒಂದೊಂದೇ ಅಂಕೆಯಾಗಿ ಹೇಳುತ್ತಾರೆ.